ಬಾಣಂತನಕ್ಕೆ ಕೂಡಿಟ್ಟ ರಜೆ

ಅಂಕಲ್ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಡಬ್ಬಕ್ಕೆ ಟೇಪು ಹಚ್ಚಿದ ಮೇಲೆ ಆ ಉಗುರಿನಿಂದಲೇ ಅಂಚನ್ನು ಎರಡು ಸಲ ತೀಡುತ್ತಿದ್ದರು. ಅಮೆರಿಕದ ಬೋಲಿಂಗ್‌ಬ್ರೂಕಿನ ನಮ್ಮ ಗೋದಾಮಿನಿಂದ ಹೋದ ಅವರ ಡಬ್ಬ ಬಾಯಿಬಿಟ್ಟು ವಾಪಸು ಬಂದದ್ದನ್ನು ನಾನು ಕಾಣೆ.

ಅಣ್ಣ ಕರೆಸಿಕೊಂಡನೆಂದು ಈ ದೇಶಕ್ಕೆ ಬಂದವನು ನಾನು. ಕೆಲಸದ ಮೊದಲ ದಿನವೇ ಪಕ್ಕದ ಮೇಜಿನಿಂದ ಕನ್ನಡ ಕೇಳಿಸಿತು: "ಬೆನ್ನು ಬಗ್ಗಿಸ್ಬೇಡಪ್ಪ, ಮಂಡಿ ಬಗ್ಸು. ಬೆನ್ನು ಹೋದ್ರೆ ಇಂಡಿಯನ್ ಅಂಗಡೀಲೂ ಸಿಗಲ್ಲ." ಅಂದಿನಿಂದ ಅವರು ನನಗೆ ಅಂಕಲ್. ಏಳನೇ ತರಗತಿಗೆ ಶಾಲೆ ಬಿಟ್ಟರೂ ದುಡಿಮೆಯನ್ನು ನನಗೆ ಯಾರೂ ಕಲಿಸಬೇಕಿಲ್ಲ ಎಂದು ಬೀಗುತ್ತಿದ್ದೆ. ಭಾರ ಎತ್ತುವುದನ್ನು ಅವರಿಂದಲೇ ಕಲಿತೆ.

ಅವರ ಹೆಂಡತಿ ತೀರಿಕೊಂಡಿದ್ದರು. ಒಬ್ಬಳೇ ಮಗಳು, ಜರ್ಮನಿಯಲ್ಲಿ. ಊಟದ ಅರ್ಧ ಗಂಟೆಯಲ್ಲಿ ಅವಳ ಫೋನು ಬರುತ್ತಿತ್ತು. ಅವಳಿಗೆ ವರ್ಷಕ್ಕೆ ಆರು ವಾರ ಸಂಬಳದ ರಜೆ.

"ತಗೊಳ್ದೇ ಇದ್ರೆ ಬಾಸೇ ಬಂದು ಯಾಕೆ ತಗೊಂಡಿಲ್ಲ ಅಂತ ಕೇಳ್ತಾನಂತೆ ಕಣೋ," ಎಂದರು ಒಮ್ಮೆ.

"ನಮ್ಮೋರೂ ಕೇಳ್ತಾರಲ್ಲ ಅಂಕಲ್, ಯಾಕೆ ತಗೊಂಡೆ ಅಂತ."

ಚಪಾತಿ ಗಂಟಲಿಗೆ ಸಿಕ್ಕುವಷ್ಟು ನಕ್ಕರು.

ನಮಗಿದ್ದದ್ದು ವರ್ಷಕ್ಕೆ ಹತ್ತು ದಿನ. ಕಾಯಿಲೆ ಬಿದ್ದರೂ ಅದರಲ್ಲೇ. ಆ ವರ್ಷ ಮಗಳು ಬಸುರಿ, ಜನವರಿ ಕೊನೆಗೆ ಹೆರಿಗೆಯ ದಿನ. "ಅವಳಮ್ಮ ಇಲ್ಲ. ಬಾಣಂತನ ನಾನೇ ಮಾಡ್ತೀನಿ," ಎಂದು ಅಂಕಲ್ ಒಂದು ರಜೆಯನ್ನೂ ಮುಟ್ಟಲಿಲ್ಲ. ಜ್ವರದಲ್ಲೂ ಕೆಲಸಕ್ಕೆ ಬಂದರು. ಹಿಂದೆ ಮೈಸೂರಿನ ಕಾರ್ಖಾನೆಯಲ್ಲಿ ಉಳಿಸಿದ ರಜೆ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿತ್ತು. ಇಲ್ಲಿಯೂ ಹಾಗೇ ಎಂದು ನಂಬಿದ್ದರು. "ರಜ ಅಂದ್ರೆ ಉಪ್ಪಿನಕಾಯಿ ಇದ್ದ ಹಾಗೆ, ಇಟ್ರೆ ಕೆಡಲ್ಲ." ಈ ವರ್ಷದ್ದಕ್ಕೆ ಬರುವ ವರ್ಷದ್ದು ಸೇರಿದರೆ ಇಪ್ಪತ್ತು ದಿನ, ಶನಿವಾರ ಭಾನುವಾರ ಹಿಡಿದು ಹತ್ತಿರ ಹತ್ತಿರ ಒಂದು ತಿಂಗಳು. ಬಾಣಂತಿ ಖಾರದ ಪುಡಿಯನ್ನು ಮೂರು ಸಲ ಮಾಡಿ ನನಗೆ ಅನ್ನಕ್ಕೆ ಕಲಸಿಕೊಟ್ಟರು. "ನೀನು ಬಾಣಂತಿ ಅಂದ್ಕೊಂಡು ತಿಂದು ಹೇಳೋ!"

ನವೆಂಬರಿನಲ್ಲಿ ಊಟದ ಕೋಣೆಯ ಗೋಡೆಗೆ ಹೊಸ ನೋಟೀಸು ಬಿತ್ತು. ಅಂಕಲ್ ಕನ್ನಡಕ ಲಾಕರಿನಲ್ಲಿತ್ತು. "ಏನಂತೋ ಅದು?" ಎಂದರು. ನನಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಹಾಗೆಂದು ಹೇಳಲು ಬಾಯಿ ಬರಲಿಲ್ಲ. ಹತ್ತಿರ ಹೋಗಿ, ಓದಿದವನಂತೆ ತಲೆಯಾಡಿಸಿ, "ಸೇಫ್ಟಿ ವಿಷ್ಯ ಅಂಕಲ್, ಅದೇ ಹಳೇ ಕಥೆ," ಎಂದೆ.

ಡಿಸೆಂಬರ್ ಮುಗಿಯುವುದರೊಳಗೆ ತೆಗೆದುಕೊಳ್ಳದ ರಜೆ ಸತ್ತುಹೋಗುತ್ತದೆ ಎಂದು ಅದರಲ್ಲಿ ಬರೆದಿತ್ತು.

ಜನವರಿಯಲ್ಲಿ ಅಂಕಲ್ ರಜೆ ಕೇಳಲು ಹೋದರು. ಹಳೆಯದು ಸೊನ್ನೆ. ಹೊಸದು ದುಡಿದ ಹಾಗೆಲ್ಲ ಗಂಟೆ ಗಂಟೆಯಾಗಿ ಸೇರಬೇಕು. ಸಂಬಳ ಬೇಡ, ಹೋಗಲು ಬಿಡಿ ಎಂದರು. ಹೋದರೆ ಕೆಲಸ ಉಳಿಯುವುದಿಲ್ಲ ಎಂದಳು ಸೂಪರ್‌ವೈಸರ್. ಕೆಲಸ ಹೋದರೆ ವಿಮೆಯೂ ಹೋಗುತ್ತಿತ್ತು. ಅವರ ಹೃದಯದ ಮಾತ್ರೆಗಳು ಅದರ ಮೇಲೇ ಬರುತ್ತಿದ್ದವು. "ನೋಟೀಸು ಹಾಕಿದ್ದೆವಲ್ಲ, ಯಾರೂ ಹೇಳಲಿಲ್ಲವೇ?" ಎಂದು ಅವಳು ಕೇಳಿದಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಅಂಕಲ್ ನನ್ನ ಕಡೆ ತಿರುಗಲೇ ಇಲ್ಲ. "ಓದಿದ್ದೆ, ಮರೆತೆ," ಎಂದರು.

ಹೊರಗೆ ಬಂದು ನನ್ನ ಭುಜ ತಟ್ಟಿದರು. "ನಿಂಗೆ ಓದಕ್ಕೆ ಬರಲ್ಲ ಅಂತ ನಂಗೆ ಮೊದ್ಲಿಂದ ಗೊತ್ತಪ್ಪ. ನಾನೇ ಕನ್ನಡಕ ತರ್ಬೇಕಿತ್ತು."

ಖಾರದ ಪುಡಿಯನ್ನು ಡಬ್ಬದಲ್ಲಿಟ್ಟು, ಟೇಪು ಹಚ್ಚಿ, ಉಗುರಿನಿಂದ ಎರಡು ಸಲ ತೀಡಿ, ಅಂಚೆಯಲ್ಲಿ ಕಳಿಸಿದರು. ಮೊಮ್ಮಗಳನ್ನು ಫೋನಿನಲ್ಲಿ ನೋಡಿದರು. ಮತ್ತೆ ರಜೆ ಕೂಡಿಸತೊಡಗಿದರು. ಏಪ್ರಿಲಿನ ಒಂದು ಭಾನುವಾರ, ಊಟ ಮಾಡಿ ಮಲಗಿದವರು ಏಳಲಿಲ್ಲ.

ಮಗಳು ಕೂಸನ್ನು ಎತ್ತಿಕೊಂಡು ಬಂದಳು. ಅವಳಿಗೆ ರಜೆ ಇತ್ತು. ನೋಟೀಸಿನ ವಿಷಯ ಮುಚ್ಚಿಡದೆ ಹೇಳಿದೆ. ಬೈಯಲಿ ಎಂದೇ ಹೇಳಿದೆ. ಅವಳು ಕೂಸನ್ನು ಇನ್ನೊಂದು ಹೆಗಲಿಗೆ ಬದಲಿಸಿ, "ಟಿಕೆಟ್ ಸಿಗ್ಲಿಲ್ಲ ಅಂದಿದ್ರು ಅಪ್ಪ," ಎಂದಳು.

ಈಗ ಗೋಡೆಗೆ ಹೊಸ ಕಾಗದ ಬಿದ್ದರೆ, ಎಲ್ಲರೂ ಊಟಕ್ಕೆ ಕೂತಿರುವಾಗ ನಾನೇ ಎದ್ದು ನಿಲ್ಲುತ್ತೇನೆ. ನನಗೆ ಬರುವಷ್ಟು ಇಂಗ್ಲಿಷಿನಲ್ಲಿ ಹೇಳುತ್ತೇನೆ: ನನಗೆ ಓದಲು ಬರುವುದಿಲ್ಲ, ಯಾರಾದರೂ ಜೋರಾಗಿ ಓದಿ.