ವ್ರತ ಹಿಡಿದ ಚುಂಡಿಲಿ

ತೋಡಾರಿನ ಸೇಸಮ್ಮನಿಗೆ ಅದನ್ನು ನಾಯಿ ಎಂದು ಕರೆಯಲು ನಾಲಿಗೆಯೇ ಏಳಲಿಲ್ಲ. ಮೂಡುಬಿದಿರೆಯ ಬಟ್ಟೆ ವ್ಯಾಪಾರಿ ಶಾಂತಿರಾಜರ ಮನೆಯಲ್ಲಿ ಹತ್ತೊಂಬತ್ತು ವರ್ಷದಿಂದ ಪಾತ್ರೆ ತಿಕ್ಕಿ, ಅಂಗಳ ಗುಡಿಸಿ ಬದುಕಿದವಳು ಅವಳು. ಆ ದಿನ ಬೆಳಿಗ್ಗೆ ಬಂದು ನೋಡಿದರೆ ಚಾವಡಿಯ ಮಖಮಲ್ಲಿನ ದಿಂಬಿನ ಮೇಲೆ ಒಂದು ಪ್ರಾಣಿ ಗಡಗಡ ನಡುಗುತ್ತ ಕೂತಿತ್ತು. ಬಾವಲಿಯ ಕಿವಿ, ಈಗಲೋ ಆಗಲೋ ಉದುರುವಂಥ ಕಣ್ಣು, ಹಿಡಿಸೂಡಿಯ ಕಡ್ಡಿಯಂಥ ಕಾಲು.

"ಚಿವಾವಾ," ಎಂದರು ಶಾಂತಿರಾಜರು, ತಾವೇ ಹೆತ್ತವರ ಹಾಗೆ. "ಮೆಕ್ಸಿಕೋದ ತಳಿ. ಪ್ರಪಂಚದಲ್ಲಿ ಇದಕ್ಕಿಂತ ಸಣ್ಣ ನಾಯಿ ಇಲ್ಲ."

"ಸಣ್ಣದು ಅಂತ ಕಾಣ್ತದೆ ಧಣಿ. ನಾಯಿ ಅಂತ ನೀವು ಹೇಳಿದ್ದಕ್ಕೆ ಗೊತ್ತಾಯ್ತು," ಎಂದಳು ಸೇಸಮ್ಮ.

ಬಂಟ್ವಾಳದಲ್ಲಿ ಯಾರದೋ ಗೃಹಪ್ರವೇಶಕ್ಕೆ ಹೋದಾಗ, ಆ ಮನೆಯ ಹೆಂಗಸಿನ ಮಡಿಲಲ್ಲಿ ಇಂಥದ್ದೊಂದು ಕೂತಿತ್ತಂತೆ. ಬಂದವರೆಲ್ಲ ಮನೆ ನೋಡುವುದು ಬಿಟ್ಟು ಅದರ ಜೊತೆ ಸೆಲ್ಫಿ ತೆಗೆಯುತ್ತಿದ್ದರಂತೆ. ಶಾಂತಿರಾಜರ ಹೊಟ್ಟೆಗೆ ಅಷ್ಟು ಉರಿ ಸಾಕಾಯಿತು. ಹದಿನೈದು ದಿನದೊಳಗೆ ಅವರ ಮನೆಗೂ ಒಂದು ಬಂತು, ಹೆಸರು ಪ್ರಿನ್ಸ್. ಕಳ್ಳ ಬಂದರೆ ಕಚ್ಚುವುದಿಲ್ಲ, ತೋಟಕ್ಕೆ ಮಂಗ ಬಂದರೆ ಓಡಿಸುವುದಿಲ್ಲ, ಚಳಿಗೆ ಸ್ವೆಟರು ಬೇಕು, ಸೆಕೆಗೆ ಫ್ಯಾನು ಬೇಕು. ಚೂಪು ಮೂತಿಯ ಸಣ್ಣ ಇಲಿಯ ಹಾಗಿದ್ದ ಅದನ್ನು ಸೇಸಮ್ಮ ಚುಂಡಿಲಿ ಎಂದೇ ಕರೆದಳು.

ಇಷ್ಟಕ್ಕೇ ನಿಂತಿದ್ದರೆ ಆಗುತ್ತಿತ್ತು. ಆದರೆ ಶಾಂತಿರಾಜರ ದೊಡ್ಡಸ್ತಿಕೆಗೆ ನಾಯಿ ಬರೇ ಸಣ್ಣದಾದರೆ ಸಾಲದು. ಆ ಮನೆಯಲ್ಲಿ ಸೂರ್ಯ ಮುಳುಗಿದ ಮೇಲೆ ಯಾರೂ ಊಟ ಮಾಡುವುದಿಲ್ಲ. ಜೈನರ ಮನೆಯ ಹಳೆಯ ಕ್ರಮ ಅದು. ಅವರ ಹೆಂಡತಿ ಕಮಲಾವತಿ ಸದ್ದುಗದ್ದಲವಿಲ್ಲದೆ ಅದನ್ನು ನಡೆಸಿಕೊಂಡು ಬಂದವರು. ಶಾಂತಿರಾಜರು ಮಾತ್ರ, ನಾಯಿಗೂ ಅದೇ ವ್ರತ ಎಂದು ಊರಿಗೆಲ್ಲ ಸಾರಿದರು. ಸಂಜೆ ಐದೂವರೆಗೆ ಬೆಳ್ಳಿ ಬಟ್ಟಲಲ್ಲಿ ಎರಡು ಚಮಚ ಮೊಸರನ್ನ. ಮತ್ತೆ ಮಾರನೆ ದಿನ ಅವರು ಬಸದಿಗೆ ಹೋಗಿ ಬಂದ ಮೇಲೆಯೇ. "ನಮ್ಮ ಪ್ರಿನ್ಸಿಗೆ ಪೂರ್ವಜನ್ಮದ ಸಂಸ್ಕಾರ ಉಂಟು," ಎಂದು ಬಂದವರ ಮುಂದೆ ಹೇಳುವರು. ಬಂದವರು ಅದಕ್ಕೆ ಕೈಮುಗಿಯುವುದೊಂದು ಬಾಕಿ.

"ವ್ರತ ಹಿಡಿದದ್ದು ನಾವು, ಅದಲ್ಲ," ಎಂದು ಕಮಲಾವತಿ ಒಮ್ಮೆ ಹೇಳಿ ನೋಡಿದರು. ಶಾಂತಿರಾಜರಿಗೆ ಕೇಳಿಸಲಿಲ್ಲ. ತಮಗೆ ಬೇಡದ್ದು ಅವರಿಗೆ ಯಾವತ್ತೂ ಕೇಳಿಸುವುದಿಲ್ಲ.

ಮೂರು ವಾರದಲ್ಲಿ ಚುಂಡಿಲಿಯ ಪಕ್ಕೆಲುಬು ಎದ್ದು ಕಂಡಿತು. ಒಂದು ಬೆಳಿಗ್ಗೆ ಸೇಸಮ್ಮ ಮನೆಯಲ್ಲಿ ಮೀನು ಕೊಯ್ದು ಬಂದಿದ್ದಳು. ಹಿತ್ತಿಲಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಅದು ಬಂದು ಅವಳ ಬೆರಳುಗಳನ್ನು ಬಿಡದೆ ನೆಕ್ಕಿತು. "ಥೂ, ದರಿದ್ರದ್ದೇ," ಎಂದಳು. ಮರುದಿನ ಎಲೆಅಡಿಕೆಯ ಚೀಲದಲ್ಲಿ ಹಳೆಯ ಮುಲಾಮಿನ ಡಬ್ಬಿಯೊಂದನ್ನು ತಂದಳು. ಒಳಗೆ, ಉಪ್ಪು ಹೋಗುವಷ್ಟು ತೊಳೆದು ಬೇಯಿಸಿ ಅನ್ನದ ಜೊತೆ ಹಿಸುಕಿದ ಒಣಮೀನು. ಬೆಳಿಗ್ಗೆ ಬಂದ ಕೂಡಲೇ ಒಂದು ಉಂಡೆ, ಸಂಜೆ ಬಸ್ಸಿಗೆ ಹೊರಡುವ ಮುಂಚೆ ಒಂದು ಉಂಡೆ.

ಆ ಗೇಟಿನೊಳಗೆ ಮೀನು ತಂದರೆ ಏನಾಗುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹಿಂದೆ ತೋಟದ ಆಳೊಬ್ಬನ ಚೀಲದಲ್ಲಿ ಬೇಯಿಸಿದ ಮೊಟ್ಟೆ ಸಿಕ್ಕಿ, ಆವತ್ತೇ ಅವನನ್ನು ಹೊರಗೆ ಹಾಕಿದ್ದರು. ಗಂಡ ಶೇಷಪ್ಪ ತೀರಿಕೊಂಡ ಮೇಲೆ ಮಗಳು ಮೋಕ್ಷಿತಾಳನ್ನು ಓದಿಸಿ, ಮದುವೆ ಮಾಡಿ, ಮನೆಗೆ ಹೆಂಚು ಹೊದೆಸಿದ್ದು ಇದೇ ಕೆಲಸದಿಂದ. ಸಿಕ್ಕಿಬಿದ್ದರೆ ಈ ವಯಸ್ಸಿಗೆ ಬೇರೆ ಕೆಲಸ ಯಾರು ಕೊಡುತ್ತಾರೆ? ಅದೂ ಒಂದು ಚುಂಡಿಲಿಗಾಗಿ! ತನ್ನ ಬುದ್ಧಿಗೆ ತಾನೇ ಉಗಿದುಕೊಳ್ಳುವಳು. ಡಬ್ಬಿ ತರುವುದನ್ನು ಮಾತ್ರ ಬಿಡಲಿಲ್ಲ.

ನಾಯಿ ಮಿರಮಿರ ಮಿಂಚಿತು. ಕೀರ್ತಿಯೆಲ್ಲ ಶಾಂತಿರಾಜರಿಗೆ. "ಮೊಸರನ್ನದ ಮಹಿಮೆ ನೋಡಿ," ಎಂದು ಅವರು ಅದನ್ನು ಎತ್ತಿ ತೋರಿಸುವಾಗ, ಸೇಸಮ್ಮ ಒಳಗೆ ಕಾವಲಿ ತಿಕ್ಕುತ್ತ ತುಟಿ ಕಚ್ಚಿ ನಗು ತಡೆಯುವಳು. ಹೀಗೆ ಎರಡು ವರ್ಷ ಕಳೆಯಿತು.

ಮೊನ್ನೆ ಬೇಸಿಗೆಯಲ್ಲಿ, ಪುಂಜಾಲಕಟ್ಟೆಯಲ್ಲಿರುವ ಮೋಕ್ಷಿತಾಳಿಗೆ ಎರಡನೇ ಹೆರಿಗೆಯಾಯಿತು. ಸೇಸಮ್ಮ ಬಾಣಂತನಕ್ಕೆ ಹೋದಳು. ಹೋದ ಎಂಟನೇ ದಿನ ಮಧ್ಯಾಹ್ನ ಕಮಲಾವತಿಯ ಫೋನು.

"ಪ್ರಿನ್ಸ್ ಏಳುವುದಿಲ್ಲ ಸೇಸಮ್ಮ. ಡಾಕ್ಟ್ರು ಬಂದು ಗ್ಲೂಕೋಸ್ ಕೊಟ್ಟು ಹೋದ್ರು. ಇಷ್ಟು ಸಣ್ಣ ಜೀವ ಅಷ್ಟು ಹೊತ್ತು ಹಸಿದಿದ್ದರೆ ರಕ್ತದಲ್ಲಿ ಸಕ್ಕರೆ ಇಳಿದು ಸತ್ತೇ ಹೋಗ್ತದಂತೆ. ಇನ್ನು ಅದಾಗಿಯೇ ತಿಂದರೆ ಮಾತ್ರ ಉಳಿಯುವುದಂತೆ. ಏನು ಕೊಟ್ಟರೂ ಬಾಯಿ ತೆರೆಯುವುದಿಲ್ಲ. ನೀನೊಮ್ಮೆ ಬಾ."

ಸೇಸಮ್ಮ ಮಗಳ ಅಡುಗೆಮನೆಯಲ್ಲೇ ಡಬ್ಬಿ ತುಂಬಿಸಿ, ಸಿಕ್ಕಿದ ಬಸ್ಸು ಹತ್ತಿದಳು. ಯಾರೂ ನೋಡದ ಹಾಗೆ ಹಿತ್ತಿಲಿಗೆ ಎತ್ತಿಕೊಂಡು ಹೋಗಿ ಕೊಟ್ಟರಾಯಿತು ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದಳು.

ಹೋಗಿ ನೋಡಿದರೆ ಚಾವಡಿ ತುಂಬ ಜನ. "ಯಾರದೋ ದೃಷ್ಟಿ ತಾಗಿದೆ," ಎಂದು ಶಾಂತಿರಾಜರು ನೆರೆಯವರಿಗೆ ವಿವರಿಸುತ್ತಿದ್ದರು. ದಿಂಬಿನ ಮೇಲೆ ಚುಂಡಿಲಿ ಒದ್ದೆ ಬಟ್ಟೆಯ ಹಾಗೆ ಬಿದ್ದಿತ್ತು. ಸೇಸಮ್ಮ ಎತ್ತಲು ಬಗ್ಗಿದಳು.

"ಮುಟ್ಟಬೇಡ, ಅಲ್ಲೇ ಇರ್ಲಿ," ಎಂದರು ಶಾಂತಿರಾಜರು. ಆಮೇಲೆ ಹೊರಗಿನ ಬಿಸಿಲು ನೋಡಿದರು. "ಹೊತ್ತು ಮುಳುಗ್ತಾ ಬಂತು. ನಾನು ಊಟ ಮುಗಿಸಿ ಬರ್ತೇನೆ."

ಎದ್ದು ಒಳಗೆ ಹೋಗಿಯೇ ಬಿಟ್ಟರು. ಇಲ್ಲಿ ಜೀವ ಹೋಗುತ್ತಿದೆ, ಆ ಪುಣ್ಯಾತ್ಮನಿಗೆ ಪಲ್ಯದ ಚಿಂತೆ! ಕಮಲಾವತಿ ಏಳಲಿಲ್ಲ. ಈಗ ಉಣ್ಣದಿದ್ದರೆ ನಾಳೆ ಬೆಳಗಿನವರೆಗೆ ಅವರಿಗೆ ಊಟವಿಲ್ಲ ಎಂದು ಸೇಸಮ್ಮನಿಗೆ ಗೊತ್ತಿತ್ತು. ನಾಯಿಯ ತಲೆಯ ಮೇಲೆ ಕೈಯಿಟ್ಟು ಅವರು ಹಾಗೆಯೇ ಕೂತಿದ್ದರು.

ಸೇಸಮ್ಮನಿಗೆ ಸಿಟ್ಟು ನೆತ್ತಿಗೇರಿತು. ಶಾಂತಿರಾಜರ ಮೇಲೆ, ಬಾಯಿ ಬಿಟ್ಟು ಕೂತ ಜನರ ಮೇಲೆ, ಇಷ್ಟು ವರ್ಷ ಹೆದರಿ ಬದುಕಿದ ತನ್ನ ಮೇಲೆ. ಚೀಲದಿಂದ ಡಬ್ಬಿ ತೆಗೆದು, ಎಲ್ಲರೆದುರೇ ಮುಚ್ಚಳ ತೆರೆದಳು. ಚಾವಡಿಯಲ್ಲಿ ಮೀನಿನ ವಾಸನೆ ಹರಡಿತು. ಒಬ್ಬಾಕೆ ಸೆರಗನ್ನು ಮೂಗಿಗೆ ಒತ್ತಿಕೊಂಡಳು. ಚುಂಡಿಲಿಯ ಮೂಗು ಅಲುಗಿತು, ಒಂದು ಕಿವಿ ಎದ್ದಿತು. ಸೇಸಮ್ಮನ ಬೆರಳನ್ನು ಮೊದಲು ನೆಕ್ಕಿತು, ಆಮೇಲೆ ತಿಂದಿತು.

ಕೈತೊಳೆದು ಬಂದ ಶಾಂತಿರಾಜರು ಬಾಗಿಲಲ್ಲೇ ನಿಂತರು.

"ಎಷ್ಟು ಸಮಯದಿಂದ?"

"ಎರಡು ವರ್ಷ ಆಯ್ತು ಧಣಿ. ನಿಮ್ಮ ಮೊಸರನ್ನ ಕಾಗೆ ತಿಂದದ್ದು."

"ಇನ್ನು ಈ ಗೇಟು ದಾಟಬೇಡ."

ಸೇಸಮ್ಮ ಚೀಲ ಎತ್ತಿಕೊಂಡಳು. ಕಮಲಾವತಿ ಎದ್ದು ಬಂದು, ನಾಯಿಯನ್ನು ಸ್ವೆಟರಿನ ಸಮೇತ ಅವಳ ಕೈಯಲ್ಲಿಟ್ಟರು. "ಇದನ್ನೂ ತಕೊಂಡು ಹೋಗು. ಇಲ್ಲಿದ್ದರೆ ಇದು ಉಳಿಯುವುದಿಲ್ಲ." ಗೇಟಿನವರೆಗೆ ಜೊತೆಗೆ ಬಂದು, ಮೆಲ್ಲಗೆ ಕೇಳಿದರು: "ಎರಡು ವರ್ಷ ನನಗೆ ಮೂಗೇ ಇರ್ಲಿಲ್ಲ ಅಂತ ಗ್ರಹಿಸಿದ್ದೆಯಾ?"

ಅಲ್ಲಿಯವರೆಗೆ ಬಾರದ ಅಳು ಸೇಸಮ್ಮನಿಗೆ ಆಗ ಬಂತು.

ಈಗ ಅವಳಿಗೆ ತೋಡಾರಿನಲ್ಲಿ, ರಸ್ತೆ ಬದಿಯ ರುಖಿಯಮ್ಮನ ಹೋಟೆಲಿನಲ್ಲಿ ಮೀನು ಕೊಯ್ಯುವ ಕೆಲಸ. ಚುಂಡಿಲಿ ಸ್ವೆಟರು ಬಿಟ್ಟು, ಹೊಟ್ಟೆ ಬೆಳೆಸಿಕೊಂಡು, ಬೀದಿನಾಯಿಗಳ ಮೇಲೆ ದರ್ಬಾರು ಮಾಡುತ್ತದೆ. ಕಮಲಾವತಿ ವಾರಕ್ಕೊಮ್ಮೆ ಸೇಸಮ್ಮನ ಅಂಗಳಕ್ಕೆ ಬಂದು ಅದನ್ನು ಮಡಿಲಲ್ಲಿ ಕೂರಿಸಿಕೊಂಡು ಹೋಗುತ್ತಾರೆ.

ಅತ್ತ ಶಾಂತಿರಾಜರ ಚಾವಡಿಯಲ್ಲಿ ಪ್ರಿನ್ಸಿನ ದೊಡ್ಡ ಫೋಟೋ ತೂಗುತ್ತಿದೆ, ಗಂಧದ ಹಾರ ಹಾಕಿ. "ಕೊನೆಗೆ ಅನ್ನ ನೀರನ್ನು ತಾನಾಗಿಯೇ ಬಿಟ್ಟಿತು. ಅಂಥ ದೊಡ್ಡ ಜೀವ," ಎಂದು ಬಂದವರಿಗೆ ಹೇಳಿ ಕಣ್ಣೊರೆಸಿಕೊಳ್ಳುತ್ತಾರೆ. ಆವತ್ತು ಕಣ್ಣಾರೆ ಕಂಡವರೇ ಪಕ್ಕದಲ್ಲಿ ಕೂತು ಹೌದು ಹೌದು ಎನ್ನುತ್ತಾರೆ, ನಾಚಿಕೆಗೆಟ್ಟವರು.

ಮಂಗಳೂರಿಗೆ ಹೋಗುವಾಗ ಶಾಂತಿರಾಜರ ಕಾರು ತೋಡಾರನ್ನು ದಾಟಲೇಬೇಕು. ಆ ಕಾರಿನ ಸದ್ದು ಕೇಳಿದರೆ ಸಾಕು, ಸತ್ತ ನಾಯಿ ಬೆಂಚಿನಡಿಯಿಂದ ಹಾರಿ ರಸ್ತೆಯ ಅಂಚಿಗೆ ಓಡಿ, ಗಂಟಲು ಹರಿಯುವ ಹಾಗೆ ಕೂಗುತ್ತದೆ. ಕಾರಿನ ಗಾಜು ಸರಸರನೆ ಮೇಲೇರುತ್ತದೆ.

ಮೊನ್ನೆ ಚಹಾ ಕುಡಿಯುತ್ತಿದ್ದ ಲಾರಿ ಡ್ರೈವರೊಬ್ಬ ಅದನ್ನು ನೋಡಿ ನಕ್ಕ. "ಅದೇನು ಸೇಸಮ್ಮ, ಹೆಗ್ಗಣವಾ?"

ಸೇಸಮ್ಮ ಕತ್ತಿ ಕೆಳಗಿಟ್ಟು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನಾಯಿ ಮಾರಾಯ, ನಾಯಿ. ಬೊಗಳುವುದು ಕೇಳುವುದಿಲ್ವಾ?"