ಟವೆಲ್ ಹಾಕಿದ ಸೀಟು

ಕೊಪ್ಪದಿಂದ ಬಾಳೆಹೊನ್ನೂರಿಗೆ ಹೋಗುವ ನಮ್ಮ ಪ್ರೈವೇಟ್ ಬಸ್ಸಿನ ಕಂಡಕ್ಟರು ಐವತ್ತು ದಾಟಿದವರು. ಹೆಂಡತಿ ತೀರಿಕೊಂಡ ಮೇಲೆ ಮೀಸೆಗೆ ಬಣ್ಣ ಹಚ್ಚುವುದನ್ನೇ ಬಿಟ್ಟಿದ್ದರು. ಬಾಳೆಹೊನ್ನೂರಿನ ಆಸ್ಪತ್ರೆಗೆ ಹೊಸದಾಗಿ ಬಂದ ನರ್ಸಮ್ಮ ದಾರಿಯಲ್ಲಿ ಹತ್ತತೊಡಗಿದ ಮೇಲೆ ಮತ್ತೆ ಹಚ್ಚಿದರು. ಆಕೆಯೂ ಒಂಟಿ. ದಿನಾ ಆಕೆಗಾಗಿ ಕಿಟಕಿ ಪಕ್ಕದ ಸೀಟಿಗೆ ಹೆಗಲ ಟವೆಲ್ ಹಾಕಿಡುತ್ತಿದ್ದರು.

“ಹೇಳಿಬಿಡಿ” ಎಂದು ಬಸ್ಸಿನ ಕ್ಲೀನರ್ ಆಗಿದ್ದ ನಾನು ಪಿಸುಗುಟ್ಟಿದರೆ, “ಅರ್ಜೆಂಟ್ ಎಂತದು ಮಾರಾಯ” ಎಂದು ವಿಷಲ್ ಊದುತ್ತಿದ್ದರು.

ಒಂದು ದಿನ ಬಸ್ಸು ತುಂಬಿತ್ತು. “ಯಾರಿಗ್ರೀ ಈ ಸೀಟು?” ಎಂದು ಒಬ್ಬರು ಜಗಳಕ್ಕೇ ನಿಂತರು. ಎಲ್ಲರೂ ತಿರುಗಿ ನೋಡಿದರು. ಕಂಡಕ್ಟರು ಬೆವರಿ, “ನಮ್ಮ ಅಕ್ಕನಿಗೆ ಮಾರಾಯ್ರೆ” ಎಂದುಬಿಟ್ಟರು.

ಆಗಷ್ಟೇ ಹತ್ತಿದ್ದ ನರ್ಸಮ್ಮ ಅದನ್ನು ಕೇಳಿಸಿಕೊಂಡರು. ಟವೆಲ್ ಮಡಿಸಿ ಅವರ ಕೈಗಿತ್ತು ಕುಳಿತರು. ಕಿಟಕಿಯಾಚೆಗೇ ನೋಡುತ್ತಾ, “ಒಂದು ಬಾಳೆಹೊನ್ನೂರು ಕೊಡು, ತಮ್ಮಾ” ಎಂದರು.