ಕುಡಿಯದವರ ಕೆಂಪು ಮುಖ

ನಾಲ್ಕು ವರ್ಷಗಳ ಹಿಂದಿನ ಮಾತು. ಆಗ ನಾನು ಮಿರಜದಲ್ಲಿ ಚರ್ಮರೋಗದ ದವಾಖಾನೆ ನಡೆಸುತ್ತಿದ್ದೆ. ಮಳೆಗಾಲದ ಒಂದು ಮುಂಜಾನೆ ಕಸಬೆ ಡಿಗ್ರಜದ ಅಪ್ಪಾಸಾಹೇಬರು ಮುಖಕ್ಕೆ ಟವೆಲ್ ಸುತ್ತಿಕೊಂಡು ಬಂದರು. ಸಾಂಗ್ಲಿಯಲ್ಲಿ ಅರಿಶಿನದ ವ್ಯಾಪಾರ ಮಾಡುವ, ಐವತ್ತು ದಾಟಿದ ಜೈನ ಗೃಹಸ್ಥರು. ಟವೆಲ್ ಸರಿಸಿದರೆ ಮೂಗು, ಕೆನ್ನೆ ಕೆಂಪಗೆ ಉರಿಯುತ್ತಿದ್ದವು.

“ಡಾಕ್ಟರಬಾಯಾರ, ನಾ ಜನ್ಮದಾಗ ಒಂದ ಹನಿ ಸೆರೆ ಮುಟ್ಟಿಲ್ರಿ.”

ಅಯ್ಯ, ನಾನಿನ್ನೂ ಏನೂ ಕೇಳಿರಲೇ ಇಲ್ಲ!

ಅವರ ಮಗಳಿಗೆ ಮ್ಹೈಸಾಳದ ಒಂದು ಮನೆಯ ಸಂಬಂಧ ಕೂಡಿಬಂದಿತ್ತು. ಈ ಕೆಂಪು ಮುಖ ನೋಡಿ ಅಪ್ಪ ಕುಡೀತಾನೆಂದು ಯಾರೋ ಬೀಗರ ಕಿವಿಗೆ ಹಾಕಿದ್ದರು. ದೀಪಾವಳಿ ನಂತರದ ಸಾಖರಪುಡಾ, ಅಂದರೆ ನಿಶ್ಚಿತಾರ್ಥ, ‘ನೋಡೋಣ’ ಎಂಬಲ್ಲಿಗೆ ಬಂದು ನಿಂತಿತ್ತು. ಹುಡುಗಿ ಸರಿಯಾಗಿ ಉಣ್ಣುವುದನ್ನೇ ಬಿಟ್ಟಿದ್ದಳು.

ರೋಗ ರೊಸೇಶಿಯಾ. ಮುಖದ ನಡುಭಾಗದ ಸಣ್ಣ ರಕ್ತನಾಳಗಳು ಹಿಗ್ಗಿ ಕೆಂಪು ನಿಂತುಬಿಡುತ್ತದೆ. ಮೊಡವೆಯಂಥ ಗುಳ್ಳೆಗಳು ಏಳುತ್ತವೆ. ಅಂಟುರೋಗವಲ್ಲ. ಪೂರ್ತಿ ಹೋಗುವುದಿಲ್ಲ, ಆದರೆ ಹಿಡಿತದಲ್ಲಿ ಇಡಬಹುದು. ಯಾರೋ ಹೇಳಿದರೆಂದು ಹಚ್ಚಿಕೊಂಡ ಸ್ಟಿರಾಯ್ಡ್ ಮುಲಾಮು ಅದನ್ನು ಇನ್ನಷ್ಟು ಕೆಣಕಿತ್ತು. ಅದನ್ನು ಬಿಡಿಸಿ ಮೆಟ್ರೊನಿಡಜೋಲ್ ಜೆಲ್, ಸನ್‌ಸ್ಕ್ರೀನ್ ಬರೆದುಕೊಟ್ಟೆ.

ತಿಂಗಳು ಕಳೆದರೂ ಕೆಂಪು ಜಗ್ಗಲಿಲ್ಲ. ನನಗೆ ಸಿಟ್ಟೇ ಬಂತು.

“ಮುಂಜಾನಿಂದ ಸಂಜೀತನಾ ಏನೇನ್ ತಿಂತೀರಿ, ಕುಡೀತೀರಿ, ಎಲ್ಲಾ ಹೇಳ್ರಿ.”

“ಚಾತುರ್ಮಾಸ ಅಲ್ರಿ, ಕಾಯಿಸಿದ ನೀರಷ್ಟ ಕುಡ್ಯೂ ನೇಮ. ಈ ಸಲ ಅಂಗಡ್ಯಾಗೂ ಸ್ಟೋವ್ ಇಟ್ಟೇನಿ. ಇಳಿಸಿದ ಕೂಡ್ಲೇ ಎಲ್ಲಾರ ಎದುರಿಗೆ ಕುಡೀತೇನಿ.”

“ಅಷ್ಟ್ ಬಿಸಿ ಯಾಕ್ರಿ?”

“ಹಬೆ ಕಾಣಬೇಕಲ್ರಿ! ಇಲ್ಲಂದ್ರ ಮತ್ತೇನೋ ಕುಡ್ಯಾಕತ್ಯಾನ ಅಂತಾರ ಮಂದಿ.”

ನಾನು ಹಣೆ ಹಣೆ ಬಡಿದುಕೊಂಡೆ. ಬಿಸಿಲು, ಖಾರ, ಮದ್ಯ ಈ ಕೆಂಪನ್ನು ಕೆರಳಿಸುವಂತೆ ಬಿಸಿ ಪಾನೀಯವೂ ಕೆರಳಿಸುತ್ತದೆ. ಕುಡುಕನಲ್ಲ ಎಂದು ತೋರಿಸಲು ಹೋಗಿ ಈ ಪುಣ್ಯಾತ್ಮರು ದಿನಾ ಮುಖ ಕೆಂಪು ಮಾಡಿಕೊಳ್ಳುತ್ತಿದ್ದರು!

“ನೇಮ ಇರೋದು ಕಾಯಿಸೂದಕ್ಕೋ, ಬಾಯಿ ಸುಟ್ಕೊಳ್ಳೂದಕ್ಕೋ?”

“ಕಾಯಿಸೂದಕ್ರಿ,” ಅಂದರು, ಮೆಲ್ಲಗೆ. “ಆರಿಸಿ ಕುಡಿದ್ರೂ ನಡೀತೈತಿ.”

ನವರಾತ್ರಿಯ ಹೊತ್ತಿಗೆ ಕೆಂಪು ಸಾಕಷ್ಟು ಇಳಿಯಿತು. ಒಂದು ದಿನ ಅವರೇ ಬೀಗರನ್ನು ಕರೆತಂದು, “ನಂದ ಪರವಾನಗಿ ಐತ್ರಿ, ಇವರ ಮುಂದ ಇದ್ದದ್ದ ಇದ್ದಂಗ ಹೇಳ್ರಿ,” ಎಂದರು. ಹೇಳಿದೆ. “ಮುಖ ನೋಡಿ ಇವರು ಕುಡೀತಾರ ಅನ್ನಾಕ ಡಾಕ್ಟರ್ ಆದ ನನಗೂ ಆಗೂದಿಲ್ರಿ,” ಎಂದೂ ಸೇರಿಸಿದೆ. “ಮನ್ಯಾಗ ಮಾತಾಡಿ ಹೇಳ್ತೀವ್ರಿ,” ಎಂದು ಬೀಗರು ಕೈಮುಗಿದು ಎದ್ದು ಹೋದರು.

ಸಾಖರಪುಡಾಕ್ಕೆ ಕರೆ ಬಂದಾಗ ಉಸಿರು ಬಿಟ್ಟೆ. ಅಂದಿನಿಂದ ಇಂಥ ಮುಖದವರು ಬಂದರೆ ಏನು ಕುಡೀತೀರಿ ಅಂತಷ್ಟೇ ಕೇಳುವುದಿಲ್ಲ, ಎಷ್ಟು ಬಿಸಿ ಕುಡೀತೀರಿ ಅಂತಲೂ ಕೇಳುತ್ತೇನೆ. ಮದ್ದಿಗಿಂತ ಮೊದಲು ಮನುಷ್ಯನ ದಿನ ತಿಳಿಯಬೇಕು.

ಸಾಖರಪುಡಾದ ದಿನ ಅಪ್ಪಾಸಾಹೇಬರ ಮೂಗು ತುಸು ಕೆಂಪಿತ್ತು. ಇರಲಿ, ಅದು ಇರುವುದೇ. ಚಾತುರ್ಮಾಸ ಮುಗಿದರೂ ಅವರು ನೇಮ ಬಿಟ್ಟಿರಲಿಲ್ಲ. ತುಂಬಿದ ಪಂಕ್ತಿಯ ನಡುವೆ ಬೀಗರೇ ಎದ್ದು ಬಂದು, ಕಾಯಿಸಿದ ನೀರನ್ನು ಒಂದು ಲೋಟದಿಂದ ಇನ್ನೊಂದಕ್ಕೆ ಸುರಿದು ಸುರಿದು ಆರಿಸಿದರು. ಬೆರಳಿನಿಂದ ಲೋಟ ಮುಟ್ಟಿ ನೋಡಿ, ಎಲ್ಲರಿಗೂ ಕೇಳುವಂತೆ ಅಂದರು:

“ಆರೇತ್ರಿ ಬೀಗರ. ಈಗ ಕುಡೀರಿ.”